ಸಬ್‌ಡೊಮೈನ್ ಯಾಕೆ ತೆರೆಯುತ್ತಿಲ್ಲ? ಡಿಎನ್ಎಸ್ ರೆಕಾರ್ಡ್ ಬರೆಯುವ ಮುಂಚೆ ನೋಡಬೇಕಾದ್ದು

ನಮ್ಮ ಭಾವ ಶಿರಸಿ ಹತ್ತಿರ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಜೇನುತುಪ್ಪ ಮಾರುತ್ತಾರೆ. ಒಂದು ವೆಬ್‌ಸೈಟ್ ಇದೆ. ಅದರಲ್ಲಿ ನಾಲ್ಕು ಫೋಟೋ, ಒಂದು ಫೋನ್ ನಂಬರು, ಅಷ್ಟೇ. ಆನ್‌ಲೈನ್ ಅಂಗಡಿ ಶುರು ಮಾಡೋಣ ಅಂತ ಒಂದು ಕಂಪನಿಯ ಸೇವೆ ತಗೊಂಡರು. ಆ ಕಂಪನಿಯಿಂದ ಒಂದು ಸಾಲಿನ ಮೇಲ್ ಬಂತು: ನಿಮ್ಮ ಡೊಮೈನ್‌ನಲ್ಲಿ ಶಾಪ್ ಅನ್ನೋ ಹೆಸರಿಗೆ ಈ ಸಿನೇಮ್ ರೆಕಾರ್ಡ್ ಹಾಕಿ. (ವೆಬ್‌ಸೈಟ್ ಹೆಸರಿಗೆ ಸರ್ವರ್‌ನ ನಂಬರು, ಅಂದರೆ ಐಪಿ, ಹುಡುಕಿಕೊಡುವ ವ್ಯವಸ್ಥೆ ಡಿಎನ್ಎಸ್. ಅದನ್ನ ಒಂದು ವಿಳಾಸದ ಪುಸ್ತಕ ಅಂದುಕೊಂಡರೆ ಅದರ ಒಂದೊಂದು ಸಾಲು ಒಂದು ರೆಕಾರ್ಡ್. ಸಿನೇಮ್ ಅದರಲ್ಲಿ ಒಂದು ಬಗೆ.) ಭಾವ ಹಾಕಿದರು. ಒಂದು ದಿನ ಕಾದರು, ಎರಡು ದಿನ ಕಾದರು. ಮೂರನೇ ದಿನ ರಾತ್ರಿ ನನಗೆ ಫೋನ್.

"48 ಗಂಟೆ ಕಾಯಿರಿ ಅಂತ ಎಲ್ಲಾ ಕಡೆ ಬರೆದಿದ್ದಾರೆ. 72 ಆಯ್ತು ಮಾರಾಯಾ. ಇನ್ನೆಷ್ಟು ಕಾಯೋದು?"

ಅವರು ಬರೆದ ರೆಕಾರ್ಡ್ ಸರಿಯಾಗೇ ಇತ್ತು. ಒಂದು ಅಕ್ಷರ ತಪ್ಪಿರಲಿಲ್ಲ. ಆದರೆ ಬರೆದ ಪುಸ್ತಕವೇ ಬೇರೆ. ಆ ಪುಸ್ತಕವನ್ನ ಎರಡು ವರ್ಷದಿಂದ ಯಾರೂ ತೆರೆದು ನೋಡುತ್ತಿರಲಿಲ್ಲ. 720 ಗಂಟೆ ಕಾದಿದ್ದರೂ ಅಂಗಡಿ ತೆರೆಯುತ್ತಿರಲಿಲ್ಲ.

ಸಬ್‌ಡೊಮೈನ್ ವಿಷಯದಲ್ಲಿ ನಾನು ನೋಡಿದ ತಾಪತ್ರಯಗಳಲ್ಲಿ ಜಾಸ್ತಿ ಪಾಲು ಇದೇ ಜಾತಿಯದ್ದು. ಏನು ಬರೆಯಬೇಕು ಅನ್ನೋದು ಎಲ್ಲರಿಗೂ ಸಿಗುತ್ತೆ. ಯಾರ ಪುಸ್ತಕದಲ್ಲಿ ಬರೆಯಬೇಕು, ಅದನ್ನ ಓದೋರು ಯಾರು ಅನ್ನೋದನ್ನ ಯಾರೂ ಹೇಳಲ್ಲ. ಅದರಿಂದಲೇ ಶುರು ಮಾಡೋಣ. ಉದಾಹರಣೆಗೆ ನಮ್ಮಂಗಡಿ.ಇನ್ ಅಂತ ಒಂದು ಹೆಸರು ಸುಮ್ನೆ ಇಟ್ಟುಕೊಳ್ಳುತ್ತೇನೆ. ಇಲ್ಲಿ ಕನ್ನಡದಲ್ಲಿ ಬರೆದ ಹೆಸರು, ಕಮಾಂಡ್‌ಗಳನ್ನ ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಬೇಕು.

ಹೆಸರನ್ನು ಬಲದಿಂದ ಓದಿ

ಕನ್ನಡ ವಿಕಿಪೀಡಿಯದ ವಿಳಾಸ ನೋಡಿದ್ದೀರಲ್ವಾ: ಕೆಎನ್.ವಿಕಿಪೀಡಿಯ.ಆರ್ಗ್. ತುಳು ವಿಕಿಪೀಡಿಯದ್ದು ಟಿಸಿವೈ.ವಿಕಿಪೀಡಿಯ.ಆರ್ಗ್. ಕೆಎನ್ ಕನ್ನಡದ ಭಾಷಾ ಸಂಕೇತ, ಟಿಸಿವೈ ತುಳುವಿನದ್ದು. ವಿಕಿಪೀಡಿಯ.ಆರ್ಗ್ ಅನ್ನೋ ಒಂದೇ ಹೆಸರನ್ನ ನೋಂದಾಯಿಸಿದ್ದಾರೆ. ಅದರ ಎಡಕ್ಕೆ ಒಂದು ಚುಕ್ಕಿ ಇಟ್ಟು ಭಾಷೆಗೊಂದು ಬಾಗಿಲು ಮಾಡಿದ್ದಾರೆ. ಅದೇ ಸಬ್‌ಡೊಮೈನ್. ಅದಕ್ಕೆ ಬೇರೆ ನೋಂದಣಿ ಬೇಡ. ಯಾರನ್ನೂ ಕೇಳಬೇಕಾಗಿಲ್ಲ. ಡೊಮೈನ್ ನಿಮ್ಮದಾದರೆ ಅದರ ಎಡಗಡೆಯ ಜಾಗವೆಲ್ಲ ನಿಮ್ಮದೇ. ಚುಕ್ಕಿ ಚುಕ್ಕಿಯ ನಡುವಿನ ಒಂದೊಂದು ತುಂಡು 63 ಅಕ್ಷರ ಮೀರಬಾರದು, ಇಡೀ ಹೆಸರು 253 ಮೀರಬಾರದು. ಇಷ್ಟು ಬಿಟ್ಟರೆ ಎಷ್ಟು ಬೇಕಾದರೂ ಮಾಡಿಕೊಳ್ಳಿ.

ನಾವು ಎಡದಿಂದ ಓದುತ್ತೇವೆ. ಕಂಪ್ಯೂಟರ್ ಬಲದಿಂದ ಓದುತ್ತೆ. ಮೊದಲು ಇನ್, ಆಮೇಲೆ ನಮ್ಮಂಗಡಿ, ಕೊನೆಗೆ ಶಾಪ್. ಊರು, ಬೀದಿ, ಮನೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಬಂದ ಹಾಗೆ. ಮೋಸದ ಲಿಂಕ್ ಗುರುತಿಸೋದಕ್ಕೂ ಇದೇ ಸೂತ್ರ. ಎಡಗಡೆ ನಿಮ್ಮ ಬ್ಯಾಂಕಿನ ಹೆಸರು ಇದ್ದರೆ ಸಾಲದು. ಎಡಗಡೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಮಾಲೀಕ ಯಾರು ಅಂತ ಹೇಳೋದು ಬಲಗಡೆ. ರಿಸರ್ವ್ ಬ್ಯಾಂಕ್ 2025ರಲ್ಲಿ ದೇಶದ ಬ್ಯಾಂಕುಗಳಿಗೆ ಬ್ಯಾಂಕ್.ಇನ್ ಅಂತ ಕೊನೆಯಾಗುವ ವಿಳಾಸಕ್ಕೆ ಹೋಗಿ ಅಂತ ಹೇಳಿದ್ದು ಇದಕ್ಕೇ. ಆ ಬಾಲ ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಸಿಗಲ್ಲ.

ಅಂದ ಹಾಗೆ, .ಭಾರತ ಅಂತ ಕನ್ನಡ ಲಿಪಿಯಲ್ಲೇ ಕೊನೆಯಾಗುವ ಡೊಮೈನ್ ಕೂಡ ಇದೆ. ಆದರೆ ಡಿಎನ್ಎಸ್‌ನ ಒಳಗೆ ಕನ್ನಡ ಅಕ್ಷರ ಹೋಗಲ್ಲ. ಪ್ಯೂನಿಕೋಡ್ ಅನ್ನೋ ವಿಧಾನದಲ್ಲಿ ಅದು ಎಕ್ಸ್‌ಎನ್ ಅಂತ ಶುರುವಾಗಿ, ಎರಡು ಅಡ್ಡಗೆರೆ ಆಗಿ, ಆಮೇಲೆ ಅರ್ಥವಾಗದ ಒಂದಷ್ಟು ಇಂಗ್ಲಿಷ್ ಅಕ್ಷರ ಆಗುತ್ತೆ. ಕನ್ನಡ ಹೆಸರಿನ ಡೊಮೈನ್‌ಗೆ ರೆಕಾರ್ಡ್ ಹಾಕೋವಾಗ ಪ್ಯಾನೆಲ್‌ನಲ್ಲಿ, ಅಂದರೆ ರೆಕಾರ್ಡ್ ಬರೆಯುವ ಪುಟದಲ್ಲಿ, ಆ ವಿಚಿತ್ರ ರೂಪ ಕಂಡರೆ ಗಾಬರಿ ಬೇಡ.

ಉತ್ತರ ಹೇಳೋರು ಯಾರು

ಇಂಟರ್ನೆಟ್‌ನ ಎಳೆಗಾಲದಲ್ಲಿ ಎಲ್ಲಾ ಕಂಪ್ಯೂಟರ್‌ಗಳ ಹೆಸರು, ನಂಬರು ಒಂದೇ ಫೈಲಿನಲ್ಲಿ ಇರುತ್ತಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ಅದನ್ನ ತಿದ್ದುತ್ತಿದ್ದರು. ಉಳಿದವರೆಲ್ಲ ಅಲ್ಲಿಂದ ಆಗಾಗ ಇಳಿಸಿಕೊಳ್ಳಬೇಕಿತ್ತು. ಕಂಪ್ಯೂಟರ್ ಜಾಸ್ತಿ ಆದ ಹಾಗೆ ಅದು ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್ಎಸ್ ರೂಪಿಸಿದರು. ಅದರ ಮುಖ್ಯ ಉಪಾಯ ಇಷ್ಟೇ: ಎಲ್ಲವೂ ಒಂದೇ ಕಡೆ ಬೇಡ, ಅವರವರ ಪಾಲಿನ ಪುಸ್ತಕ ಅವರವರು ಇಟ್ಟುಕೊಳ್ಳಲಿ. ಮೇಲಿನವರಿಗೆ ಕೆಳಗಿನವರ ಪುಸ್ತಕ ಎಲ್ಲಿದೆ ಅಂತ ಮಾತ್ರ ಗೊತ್ತಿದ್ದರೆ ಸಾಕು. ಈಗಲೂ ನಡೆಯುತ್ತಿರೋದು ಹಾಗೇ.

ನೀವು ಶಾಪ್.ನಮ್ಮಂಗಡಿ.ಇನ್ ಅಂತ ಹೊಡೆದಾಗ ನಿಮ್ಮ ಬ್ರೌಸರ್ ನೇರವಾಗಿ ಓಡಾಡಲ್ಲ. ರಿಸಾಲ್ವರ್ ಅನ್ನೋ ಒಬ್ಬ ಓಡಾಳು ಇದ್ದಾನೆ. ನಿಮ್ಮ ಇಂಟರ್ನೆಟ್ ಕಂಪನಿಯವನು ಇರಬಹುದು, ಅಥವಾ ಗೂಗಲ್‌ನ 8.8.8.8, ಕ್ಲೌಡ್‌ಫ್ಲೇರ್‌ನ 1.1.1.1 ಇರಬಹುದು. ಅವನು ಮೊದಲು ರೂಟ್ ಸರ್ವರ್‌ನ ಹತ್ತಿರ ಹೋಗುತ್ತಾನೆ. ರೂಟ್ ಸರ್ವರ್‌ಗೆ ಎ ಇಂದ ಎಂ ವರೆಗೆ 13 ಹೆಸರು ಇವೆ. ಆ 13 ಹೆಸರಿನ ಹಿಂದೆ ಜಗತ್ತಿನಾದ್ಯಂತ ಸಾವಿರಕ್ಕೂ ಜಾಸ್ತಿ ಯಂತ್ರಗಳಿವೆ. ರೂಟ್ ಹೇಳುತ್ತೆ: "ನನಗೆ ಶಾಪ್ ಗೊತ್ತಿಲ್ಲ, .ಇನ್ ನೋಡಿಕೊಳ್ಳೋರು ಅಲ್ಲಿದ್ದಾರೆ, ಕೇಳು." .ಇನ್ ನಮ್ಮ ದೇಶದ ನಿಕ್ಸಿ ಸಂಸ್ಥೆಯ ಉಸ್ತುವಾರಿಯಲ್ಲಿದೆ. ಅಲ್ಲಿನ ಸರ್ವರ್ ಹೇಳುತ್ತೆ: "ಶಾಪ್ ನನಗೂ ಗೊತ್ತಿಲ್ಲ. ನಮ್ಮಂಗಡಿ.ಇನ್ ಪುಸ್ತಕ ಈ ಎರಡು ನೇಮ್‌ಸರ್ವರ್ ಹತ್ತಿರ ಇದೆ." ಓಡಾಳು ಆ ನೇಮ್‌ಸರ್ವರ್‌ಗೆ ಹೋಗಿ ಕೇಳಿದಾಗ ಮಾತ್ರ ನಿಜವಾದ ಉತ್ತರ.

ನಿಮ್ಮ ಸಬ್‌ಡೊಮೈನ್ ರೆಕಾರ್ಡ್ ಇರಬೇಕಾದ್ದು ಆ ನೇಮ್‌ಸರ್ವರ್‌ನ ಪುಸ್ತಕದಲ್ಲಿ. ಬೇರೆಲ್ಲೂ ಅಲ್ಲ.

ಜಾಗದ ವ್ಯವಹಾರ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಸೈಟು ರಿಜಿಸ್ಟರ್ ಆಗೋದು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ. ಖಾತೆ ಇರೋದು ಪಂಚಾಯ್ತಿಯಲ್ಲೋ ನಗರಸಭೆಯಲ್ಲೋ. ಖಾತೆಯಲ್ಲಿ ಹೆಸರು ಸೇರಿಸಿ ಅಂತ ಸಬ್‌ರಿಜಿಸ್ಟ್ರಾರ್ ಮುಂದೆ ನಿಂತರೆ ಕೆಲಸ ಆಗಲ್ಲ. ಡೊಮೈನ್‌ನಲ್ಲೂ ಹೀಗೇ ಎರಡು ಕಚೇರಿ. ದುಡ್ಡು ಕೊಟ್ಟು ಹೆಸರು ನೋಂದಾಯಿಸಿದ್ದು ರಿಜಿಸ್ಟ್ರಾರ್ ಹತ್ತಿರ. ರೆಕಾರ್ಡ್‌ಗಳ ಪುಸ್ತಕ ನೇಮ್‌ಸರ್ವರ್ ಹತ್ತಿರ. ತುಂಬಾ ಸಲ ಎರಡೂ ಒಂದೇ ಕಂಪನಿ ಆಗಿರುತ್ತೆ, ಅದಕ್ಕೇ ಬೇರೆ ಬೇರೆ ಅಂತ ಹೊಳೆಯಲ್ಲ. ಭಾವನ ವಿಷಯದಲ್ಲಿ ಎರಡು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ನೇಮ್‌ಸರ್ವರ್ ಬದಲಾಯಿಸಿ ಹೋಸ್ಟಿಂಗ್ ಕಂಪನಿಗೆ ತಿರುಗಿಸಿದ್ದ. ರಿಜಿಸ್ಟ್ರಾರ್ ಪ್ಯಾನೆಲ್‌ನಲ್ಲಿ ಹಳೇ ಪುಸ್ತಕ ಹಾಗೇ ಉಳಿದಿತ್ತು. ಅದರಲ್ಲಿ ಬರೆಯಲೂ ಬಿಡುತ್ತಿತ್ತು, "ಯಶಸ್ವಿಯಾಗಿ ಉಳಿಸಲಾಗಿದೆ" ಅಂತ ಹಸಿರು ಟಿಕ್ ಕೂಡ ತೋರಿಸುತ್ತಿತ್ತು. ಯಾರೂ ಓದದ ಪುಸ್ತಕಕ್ಕೆ ಹಸಿರು ಟಿಕ್!

ಹಾಗಾಗಿ ಏನನ್ನೂ ಬರೆಯುವ ಮುಂಚೆ ಇದೊಂದು ಕೇಳಿ. ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಟರ್ಮಿನಲ್ ತೆರೆದು:

ಡಿಗ್ ಎನ್ಎಸ್ ನಮ್ಮಂಗಡಿ.ಇನ್

ವಿಂಡೋಸ್‌ನಲ್ಲಿ ಎನ್ಎಸ್‌ಲುಕಪ್ ಇದೆ, ಅದಕ್ಕೆ ಟೈಪ್ ಎನ್ಎಸ್ ಅಂತ ಹೇಳಬೇಕು. ಕಮಾಂಡ್ ಕಂಡರೆ ಕೈ ನಡುಗುತ್ತೆ ಅನ್ನೋರಿಗೆ ಇದನ್ನೇ ತೋರಿಸುವ ವೆಬ್‌ಸೈಟ್‌ಗಳೂ ಇವೆ. ಉತ್ತರದಲ್ಲಿ ಎರಡೋ ನಾಲ್ಕೋ ನೇಮ್‌ಸರ್ವರ್ ಹೆಸರು ಬರುತ್ತೆ. ಆ ಹೆಸರು ಯಾವ ಕಂಪನಿಯದ್ದೋ ಅವರ ಪ್ಯಾನೆಲ್‌ಗೆ ಲಾಗಿನ್ ಆಗಿ. ನಿಮ್ಮ ಹತ್ತಿರ ಅದರ ಪಾಸ್‌ವರ್ಡ್ ಇಲ್ಲದಿದ್ದರೆ ಮೊದಲು ಅದನ್ನ ಹುಡುಕಿ. ಭಾವ ಅದನ್ನ ಹುಡುಕೋದಕ್ಕೇ ಅರ್ಧ ದಿನ ಹೋಯ್ತು.

ಎ ಹಾಕಲೋ, ಸಿನೇಮ್ ಹಾಕಲೋ

ಸಬ್‌ಡೊಮೈನ್‌ಗೆ ಸಾಮಾನ್ಯವಾಗಿ ಬೇಕಾಗೋದು ಎರಡೇ ಬಗೆ. ಎ ರೆಕಾರ್ಡ್ ಅಂದರೆ ಹೆಸರಿನ ಎದುರು ನೇರವಾಗಿ ಐಪಿ ನಂಬರು. ಶಾಪ್‌ಗೆ 203.0.113.10 ಅಂತ. (ಈ ನಂಬರು ಪುಸ್ತಕ, ಲೇಖನಗಳಲ್ಲಿ ಉದಾಹರಣೆಗೆ ಅಂತಲೇ ಮೀಸಲಿಟ್ಟ ಗುಂಪಿನದ್ದು. ಇದನ್ನೇ ಹಾಕಿಕೊಳ್ಳಬೇಡಿ.) ಸಿನೇಮ್ ಅಂದರೆ ಹೆಸರಿನ ಎದುರು ಇನ್ನೊಂದು ಹೆಸರು: "ನನ್ನನ್ನ ಕೇಳಬೇಡ, ಅವರು ಎಲ್ಲಿದ್ದಾರೋ ನಾನೂ ಅಲ್ಲೇ."

ಸರ್ವರ್ ನಿಮ್ಮದೇ, ಅದರ ಐಪಿ ಬದಲಾಗಲ್ಲ ಅಂದರೆ ಎ ಹಾಕಿ. ಬೇರೆ ಕಂಪನಿಯ ಸೇವೆ ಆದರೆ ಸಿನೇಮ್. ಅವರು ನಾಳೆ ತಮ್ಮ ಸರ್ವರ್ ಬದಲಾಯಿಸಿದರೆ ತಮ್ಮ ಹೆಸರಿನ ಎದುರಿನ ನಂಬರು ತಿದ್ದಿಕೊಳ್ಳುತ್ತಾರೆ, ನಿಮಗೆ ಗೊತ್ತೇ ಆಗಲ್ಲ. ಗಿಟ್‌ಹಬ್ ಪೇಜಸ್‌ನಲ್ಲಿ ಬ್ಲಾಗ್ ಇಟ್ಟವರು ಸಬ್‌ಡೊಮೈನ್‌ಗೆ ಸಿನೇಮ್ ಹಾಕಿ ತಮ್ಮ ಬಳಕೆದಾರ ಹೆಸರಿನ ಗಿಟ್‌ಹಬ್.ಐಓ ವಿಳಾಸಕ್ಕೆ ತೋರಿಸೋದು ಇದೇ ಕಾರಣಕ್ಕೆ.

ಕ್ವಾಡ್-ಎ ಅಂತ ಇನ್ನೊಂದಿದೆ, ಎ ಅಕ್ಷರ ನಾಲ್ಕು ಸಲ. ಅದು ಐಪಿಯ ಹೊಸ, ಉದ್ದನೆಯ ರೂಪವಾದ ಐಪಿವಿ6 ನಂಬರಿಗೆ. ಸರ್ವರ್‌ಗೆ ಐಪಿವಿ6 ಇಲ್ಲದಿದ್ದರೆ ಬಿಟ್ಟುಬಿಡಿ. ಆದರೆ ಹಳೇ ಕ್ವಾಡ್-ಎ ಒಂದು ಉಳಿದಿದೆಯಾ ಅಂತ ನೋಡಿ. ಎ ಮಾತ್ರ ಹೊಸ ಸರ್ವರ್‌ಗೆ ತಿರುಗಿಸಿ ಇದನ್ನ ಮರೆತರೆ, ಆಫೀಸಿನ ವೈಫೈನಲ್ಲಿ ಹೊಸ ಸೈಟ್, ಮೊಬೈಲ್ ಡೇಟಾದಲ್ಲಿ ಹಳೇ ಸೈಟ್ ಬರುವಂಥ ವಿಚಿತ್ರ ನಡೆಯುತ್ತೆ. ನಮ್ಮ ದೇಶದ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಐಪಿವಿ6 ಬಳಕೆ ಜಾಸ್ತಿ, ಅದಕ್ಕೆ.

ಈಗ ಫಾರಂ ತುಂಬೋಣ. ಪ್ಯಾನೆಲ್ ಯಾವುದೇ ಇರಲಿ, ನಾಲ್ಕು ಖಾನೆ ಇರುತ್ತೆ: ಬಗೆ (ಟೈಪ್), ಹೆಸರು (ನೇಮ್), ಬೆಲೆ (ವ್ಯಾಲ್ಯೂ), ಟಿಟಿಎಲ್. ಬಗೆ ಅಂದರೆ ಎ, ಸಿನೇಮ್ ಇತ್ಯಾದಿ. ಬೆಲೆ ಅಂದರೆ ಐಪಿಯೋ ಗುರಿಯ ಹೆಸರೋ. ಟಿಟಿಎಲ್ ವಿಷಯ ಆಮೇಲೆ ಹೇಳುತ್ತೇನೆ. ಕಾಲು ಜಾರೋದು ಹೆಸರಿನ ಖಾನೆಯಲ್ಲಿ.

ಅಲ್ಲಿ ಸುಮ್ನೆ ಶಾಪ್ ಅಂತ ಬರೆದರೆ ಸಾಕಾಗುವ ಪ್ಯಾನೆಲ್‌ಗಳೇ ಜಾಸ್ತಿ. ಬಾಲವನ್ನ ಅವೇ ಸೇರಿಸಿಕೊಳ್ಳುತ್ತವೆ. ನೀವು ಶಾಪ್.ನಮ್ಮಂಗಡಿ.ಇನ್ ಅಂತ ಪೂರ್ತಿ ಬರೆದಿರೋ, ಕೆಲವು ಪ್ಯಾನೆಲ್ ಅದಕ್ಕೂ ಬಾಲ ಸೇರಿಸಿ ಶಾಪ್.ನಮ್ಮಂಗಡಿ.ಇನ್.ನಮ್ಮಂಗಡಿ.ಇನ್ ಮಾಡಿ ಇಡುತ್ತವೆ. ಪರದೆ ಮೇಲೆ ನೋಡಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತೆ. ಹೊರಗಿನಿಂದ ಕೇಳಿದರೆ ಶಾಪ್ ಅನ್ನೋ ಹೆಸರೇ ಇಲ್ಲ. ಇದರ ಮೂಲ ಇರೋದು ಕೊನೆಯ ಚುಕ್ಕಿಯಲ್ಲಿ. ಡಿಎನ್ಎಸ್ ಲೆಕ್ಕದಲ್ಲಿ ಪೂರ್ತಿ ಹೆಸರು ಮುಗಿಯೋದು ಚುಕ್ಕಿಯಿಂದ: ಶಾಪ್.ನಮ್ಮಂಗಡಿ.ಇನ್. ಆ ಕೊನೆಯ ಚುಕ್ಕಿ ಪೂರ್ಣವಿರಾಮ ಅಲ್ಲ, ರೂಟ್. ಚುಕ್ಕಿ ಇದ್ದರೆ ಹೆಸರು ಮುಗಿಯಿತು. ಇಲ್ಲದಿದ್ದರೆ "ಇನ್ನೂ ಬಾಲ ಇದೆ, ಸೇರಿಸಿಕೋ" ಅಂತ ಅರ್ಥ. ಜೋನ್ ಫೈಲನ್ನ, ಅಂದರೆ ಈ ರೆಕಾರ್ಡ್‌ಗಳ ಮೂಲ ಫೈಲನ್ನ, ಕೈಯಾರೆ ಬರೆಯೋರು ಈ ಚುಕ್ಕಿ ಮರೆತು ರಾತ್ರಿಗಟ್ಟಲೆ ಕೂತಿದ್ದಾರೆ. ನಾನೂ ಕೂತಿದ್ದೇನೆ.

ಹೆಸರಿನ ಖಾನೆಯಲ್ಲಿ ಇಮೇಲ್‌ನಲ್ಲಿ ಬರುವ ಅಟ್ ಚಿಹ್ನೆ ಕಂಡರೆ, ಅದು ಎಡಗಡೆ ಏನೂ ಇಲ್ಲದ ಬರೀ ನಮ್ಮಂಗಡಿ.ಇನ್. ಬೆಲೆಯ ಖಾನೆಯಲ್ಲಿ ಎಚ್‌ಟಿಟಿಪಿಎಸ್ ಆಗಲೀ ಓರೆಗೆರೆ ಆಗಲೀ ಬರಬಾರದು. ಡಿಎನ್ಎಸ್‌ಗೆ ಹೆಸರು ಮಾತ್ರ ಗೊತ್ತು, ಪುಟ ಗೊತ್ತಿಲ್ಲ. ಶಾಪ್‌ನಿಂದ ಬೇರೆ ಸೈಟಿನ ಉಪ್ಪಿನಕಾಯಿ ಪುಟಕ್ಕೇ ನೇರ ಕಳಿಸಬೇಕು ಅಂದರೆ ಅದು ಸಿನೇಮ್ ಕೆಲಸ ಅಲ್ಲ, ವೆಬ್ ಸರ್ವರ್ ಮಾಡುವ ರೀಡೈರೆಕ್ಟ್ ಕೆಲಸ.

ಸಿನೇಮ್‌ಗೆ ಜೊತೆಗಾರರು ಆಗಲ್ಲ

ಒಂದು ಹೆಸರಿಗೆ ಸಿನೇಮ್ ಇದ್ದರೆ ಅದೇ ಹೆಸರಿಗೆ ಬೇರೆ ಮಾಮೂಲಿ ರೆಕಾರ್ಡ್ ಯಾವುದೂ ಇರುವಂತಿಲ್ಲ. ಎ ಇಲ್ಲ, ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ಇಲ್ಲ, ಟಿಪ್ಪಣಿಯಂಥ ಟಿಎಕ್ಸ್‌ಟಿ ಇಲ್ಲ. ಇದು 1987ರ ಡಿಎನ್ಎಸ್ ನಿಯಮಗಳಲ್ಲೇ ಇದೆ, ಮತ್ತು ಕಾರಣ ಸರಳ. "ನನ್ನ ವಿಷಯ ಏನೇ ಇದ್ದರೂ ಅವರನ್ನ ಕೇಳಿ" ಅಂತ ಬರೆದಿಟ್ಟು, ಪಕ್ಕದಲ್ಲೇ "ನನ್ನ ಮೇಲ್ ಮಾತ್ರ ಇಲ್ಲಿಗೆ" ಅಂತ ಬರೆದರೆ ಓಡಾಳು ಯಾವುದನ್ನ ನಂಬಬೇಕು?

ಇದರಿಂದ ಒಂದು ದೊಡ್ಡ ತೊಡಕು ಹುಟ್ಟುತ್ತೆ. ಅಂಗಡಿ ಚೆನ್ನಾಗಿ ನಡೆದ ಮೇಲೆ ಭಾವ ಕೇಳಿದರು, "ಶಾಪ್ ಅಂತ ಯಾಕೆ, ಬರೀ ಡೊಮೈನ್ ಹೊಡೆದರೂ ಅಂಗಡಿಗೇ ಹೋಗಲಿ, ಅಲ್ಲೂ ಸಿನೇಮ್ ಹಾಕು." ಆಗಲ್ಲ. ಬರೀ ಡೊಮೈನ್‌ನಲ್ಲಿ ನೇಮ್‌ಸರ್ವರ್ ಯಾರು ಅಂತ ಹೇಳುವ ಎನ್ಎಸ್, ಪುಸ್ತಕದ ಮೊದಲ ಪುಟದಂಥ ಎಸ್ಓಎ ಇರಲೇಬೇಕು. ಮೇಲ್ ಬರುತ್ತಿದ್ದರೆ ಎಂಎಕ್ಸ್ ಕೂಡ ಅಲ್ಲೇ. ಅಲ್ಲಿ ಸಿನೇಮ್ ತುರುಕಿದರೆ ಒಳ್ಳೇ ಪ್ಯಾನೆಲ್ ಬಿಡಲ್ಲ. ಬಿಟ್ಟರೆ ಇನ್ನೂ ಕೆಟ್ಟದ್ದು, ಮೇಲ್ ಬರೋದು ಯಾವಾಗ ನಿಂತಿತು ಅಂತ ಗೊತ್ತಾಗೋದೇ ನಾಲ್ಕು ದಿನ ಆದ ಮೇಲೆ. ಇದಕ್ಕೆ ಕೆಲವು ಕಂಪನಿಗಳು ಏಲಿಯಾಸ್, ಎನೇಮ್, ಸಿನೇಮ್ ಫ್ಲ್ಯಾಟನಿಂಗ್ ಅಂತ ದಾರಿ ಕೊಟ್ಟಿವೆ. ನೀವು ಸಿನೇಮ್ ಥರ ಬರೀತೀರಿ, ಅವರ ನೇಮ್‌ಸರ್ವರ್ ಆ ಹೆಸರಿನ ಐಪಿ ಹುಡುಕಿ ಹೊರಗಿನವರಿಗೆ ಎ ಥರ ಉತ್ತರ ಕೊಡುತ್ತೆ. ಆ ಸೌಲಭ್ಯ ಇಲ್ಲದಿದ್ದರೆ ಸೇವೆಯವರು ಕೊಟ್ಟ ಐಪಿಗೆ ಎ ಹಾಕಬೇಕು. ಗಿಟ್‌ಹಬ್ ಪೇಜಸ್ ಬರೀ ಡೊಮೈನ್‌ಗೆ ಅಂತ 185.199.108.153ರಿಂದ 185.199.111.153ರ ತನಕ ನಾಲ್ಕು ಐಪಿ ಕೊಟ್ಟಿರೋದು ಇದಕ್ಕೇ.

"ನಿನಗೆ ಬರುತ್ತೆ, ನನಗೆ ಬರಲ್ಲ"

ಸರಿಯಾದ ಪುಸ್ತಕದಲ್ಲಿ ರೆಕಾರ್ಡ್ ಬರೆದ ಐದು ನಿಮಿಷಕ್ಕೆ ಬೆಂಗಳೂರಿನಲ್ಲಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಶಾಪ್ ಸಿಕ್ಕಿತು. ಶಿರಸಿಯಲ್ಲಿ ಭಾವನಿಗೆ ಸಿಗಲಿಲ್ಲ. "ಪ್ರಾಪಗೇಷನ್ ಆಗಬೇಕು, ಜಗತ್ತಿಗೆಲ್ಲ ಹರಡಬೇಕು" ಅಂತ ಅವರೇ ಓದಿದ್ದನ್ನ ನನಗೆ ಹೇಳಿದರು. ನನಗೆ ಈ ಮಾತು ಕಂಡರೆ ಆಗಲ್ಲ. ಹರಡೋದು ಅಂತ ಏನೂ ಇಲ್ಲ. ನಿಮ್ಮ ನೇಮ್‌ಸರ್ವರ್ ಯಾರಿಗೂ ಸುದ್ದಿ ಕಳಿಸಲ್ಲ. ಕೇಳಿದವರಿಗೆ ಹೇಳುತ್ತೆ, ಅಷ್ಟೇ. ಕೇಳಿದವನು ಆ ಉತ್ತರವನ್ನ ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಅಂತ ಹೇಳೋದು ಟಿಟಿಎಲ್. 300 ಅಂದರೆ ಐದು ನಿಮಿಷ, 3600 ಅಂದರೆ ಒಂದು ಗಂಟೆ, 86400 ಅಂದರೆ ಒಂದು ದಿನ. ಅಷ್ಟು ಹೊತ್ತು ರಿಸಾಲ್ವರ್ ತನ್ನ ನೆನಪಿನಿಂದಲೇ ಉತ್ತರ ಕೊಡುತ್ತಾನೆ. ನೀವು ಕಾಯುತ್ತಿರೋದು ಹೊಸದು ಹರಡಲಿ ಅಂತಲ್ಲ, ಹಳೇದು ಮರೆತುಹೋಗಲಿ ಅಂತ.

ಸರಿ, ಆದರೆ ಶಾಪ್ ಹೊಸ ಹೆಸರು ಅಲ್ವಾ? ಮರೆಯೋದಕ್ಕೆ ಹಳೇದು ಎಲ್ಲಿತ್ತು?

ಇತ್ತು. "ಇಲ್ಲ" ಅನ್ನೋ ಉತ್ತರ ಇತ್ತು. ಭಾವ ಮೂರು ದಿನದಿಂದ ಹತ್ತು ನಿಮಿಷಕ್ಕೊಮ್ಮೆ ಶಾಪ್ ತೆರೆದು ನೋಡುತ್ತಿದ್ದರು. ಅವರ ಕಡೆಯ ರಿಸಾಲ್ವರ್‌ಗೆ "ಆ ಹೆಸರೇ ಇಲ್ಲ" ಅಂತ ಉತ್ತರ ಬರುತ್ತಿತ್ತು. ಎನ್‌ಎಕ್ಸ್‌ಡೊಮೈನ್ ಅಂತ ಅದರ ಹೆಸರು. ಇಲ್ಲ ಅನ್ನೋದನ್ನೂ ರಿಸಾಲ್ವರ್ ನೆನಪಿಟ್ಟುಕೊಳ್ಳುತ್ತಾನೆ. ಎಷ್ಟು ಹೊತ್ತು ಅನ್ನೋದು ಶಾಪ್‌ನ ಟಿಟಿಎಲ್‌ನಲ್ಲಿ ಇರಲ್ಲ, ಶಾಪ್ ಇನ್ನೂ ಇಲ್ಲವಲ್ಲ! ಅದು ಎಸ್ಓಎ ರೆಕಾರ್ಡ್‌ನಲ್ಲಿ ಇದೆ. ಅದರ ಕೊನೆಯ ಅಂಕಿ ಮತ್ತು ಎಸ್ಓಎಯದ್ದೇ ಟಿಟಿಎಲ್, ಎರಡರಲ್ಲಿ ಯಾವುದು ಕಡಿಮೆಯೋ ಅದು. 1998ರಲ್ಲಿ ಬಂದ ನಿಯಮ ಇದು. ಭಾವನ ಡೊಮೈನ್‌ನಲ್ಲಿ ಅದು 3600 ಇತ್ತು. ನಾನು ರೆಕಾರ್ಡ್ ಹಾಕುವ ಎರಡು ನಿಮಿಷ ಮುಂಚೆ ಕೂಡ ಅವರು ಒಂದು ಸಲ ತೆರೆದು ನೋಡಿದ್ದರು. ಹಾಗಾಗಿ ಅವರಿಗೆ ಹೆಚ್ಚೆಂದರೆ ಇನ್ನೊಂದು ಗಂಟೆ "ಇಲ್ಲ". ನಾನು ಮೊದಲ ಸಲ ಕೇಳಿದ್ದೇ ರೆಕಾರ್ಡ್ ಹಾಕಿದ ಮೇಲೆ, ನನಗೆ ತಕ್ಷಣ ಸಿಕ್ಕಿತು.

ರೆಕಾರ್ಡ್ ಹಾಕುವ ಮುಂಚೆ ಹೆಸರನ್ನ ಬ್ರೌಸರ್‌ನಲ್ಲಿ ತೆರೆದು ನೋಡಬೇಡಿ. ಮೊದಲು ಬರೆಯಿರಿ, ಆಮೇಲೆ ಕೇಳಿ. ಕೇಳೋದಾದರೂ ನೇರವಾಗಿ ನಿಮ್ಮ ನೇಮ್‌ಸರ್ವರ್‌ನ ಕೇಳಿ. ಡಿಗ್‌ನಲ್ಲಿ ಅಟ್ ಚಿಹ್ನೆ ಹಾಕಿ ನೇಮ್‌ಸರ್ವರ್ ಹೆಸರು ಕೊಟ್ಟರೆ ನಡುವಿನ ಓಡಾಳಿನ ಹಂಗಿಲ್ಲದೆ ಪುಸ್ತಕದಲ್ಲಿ ಇರೋದೇ ಬರುತ್ತೆ. ಭಾವನದ್ದು ಹೀಗೆ ಬಂತು:

ಶಾಪ್.ನಮ್ಮಂಗಡಿ.ಇನ್.   300   ಇನ್   ಸಿನೇಮ್   (ಅಂಗಡಿ ಕಂಪನಿಯ ಹೆಸರು).

ನಡುವಿನ ಆ ಇನ್ ಅಂದರೆ ಇಂಡಿಯಾ ಅಲ್ಲ, ಇಂಟರ್ನೆಟ್. ಡಾಟ್ ಕಾಮ್ ಡೊಮೈನ್‌ಗೂ ಅದೇ ಬರುತ್ತೆ. ಆ 300ರ ಮೇಲೆ ಕಣ್ಣಿಡಿ. ನೇಮ್‌ಸರ್ವರ್‌ನ ಕೇಳಿದರೆ ಯಾವಾಗಲೂ ಪೂರ್ತಿ 300. ಅದೇ ಪ್ರಶ್ನೆಯನ್ನ ರಿಸಾಲ್ವರ್‌ಗೆ ಎರಡೆರಡು ಸಲ ಕೇಳಿ ನೋಡಿ, 287, 281 ಅಂತ ಇಳಿಯುತ್ತಾ ಹೋಗುತ್ತೆ. ಮರೆಯೋದಕ್ಕೆ ಉಳಿದ ಸೆಕೆಂಡ್ ಅದು. ನನಗೆ ಇದನ್ನ ನೋಡೋದೇ ಒಂದು ಖುಷಿ.

ಕಾಯೋಕೆ ಮನಸ್ಸಿಲ್ಲದಿದ್ದರೆ ಗೂಗಲ್, ಕ್ಲೌಡ್‌ಫ್ಲೇರ್ ಎರಡೂ ತಮ್ಮ ರಿಸಾಲ್ವರ್‌ನ ನೆನಪಿನಿಂದ ಒಂದು ಹೆಸರನ್ನ ಅಳಿಸುವ ಪುಟ ಇಟ್ಟಿವೆ. ನಿಮ್ಮ ಊರಿನ ಇಂಟರ್ನೆಟ್ ಕಂಪನಿಯ ಹತ್ತಿರ ಅಂಥದ್ದು ಇರೋದು ಕಷ್ಟ. ಈಗಾಗಲೇ ಇರುವ ರೆಕಾರ್ಡ್ ಬದಲಾಯಿಸೋದಾದರೆ ಬೇರೆ ಉಪಾಯ ಇದೆ: ಹಳೇ ಟಿಟಿಎಲ್ 86400 ಇದ್ದರೆ, ಬದಲಾಯಿಸುವ ಹಿಂದಿನ ದಿನವೇ ಅದನ್ನ 300ಕ್ಕೆ ಇಳಿಸಿಡಿ. ಬದಲಾಯಿಸುವ ಗಳಿಗೆಯಲ್ಲಿ ಇಳಿಸಿದರೆ ಪ್ರಯೋಜನ ಇಲ್ಲ. ಹಳೇ ಉತ್ತರ ತಗೊಂಡು ಹೋದವರು ಒಂದು ದಿನದ ಲೆಕ್ಕದಲ್ಲೇ ಇರುತ್ತಾರೆ.

ಹೆಸರು ಸಿಕ್ಕಿತು, ಬಾಗಿಲು ತೆರೆಯಲಿಲ್ಲ

ಡಿಎನ್ಎಸ್ ಕೆಲಸ ಸರ್ವರ್‌ನ ಗೇಟಿನ ತನಕ ಕರೆದುಕೊಂಡು ಹೋಗಿ ಬಿಡೋದು. ಒಳಗೆ ನೂರು ಅಂಗಡಿ ಇರುವ ಕಾಂಪ್ಲೆಕ್ಸ್ ಅದು. ಬ್ರೌಸರ್ ತಾನು ಹುಡುಕುತ್ತಿರುವ ಹೆಸರನ್ನ ಸರ್ವರ್‌ಗೂ ಹೇಳುತ್ತೆ. ಸರ್ವರ್ ಆ ಹೆಸರನ್ನ ತನ್ನ ಪಟ್ಟಿಯಲ್ಲಿ ಹುಡುಕಿ ಯಾವ ಸೈಟ್ ತೋರಿಸಬೇಕು ಅಂತ ತೀರ್ಮಾನಿಸುತ್ತೆ. ನಿಮ್ಮದೇ ಸರ್ವರ್ ಆದರೆ ಎಂಜಿನ್‌ಎಕ್ಸ್, ಅಪಾಚೆಯಂಥ ವೆಬ್ ಸರ್ವರ್ ಸಾಫ್ಟ್‌ವೇರ್‌ನಲ್ಲಿ ಶಾಪ್ ಹೆಸರು ಸೇರಿಸಬೇಕು. ಬೇರೆಯವರ ಸೇವೆ ಆದರೆ ಅವರ ಪ್ಯಾನೆಲ್‌ನಲ್ಲಿ "ನನ್ನ ಡೊಮೈನ್ ಸೇರಿಸಿ" ಅನ್ನೋ ಕಡೆ ಬರೆಯಬೇಕು. ಅದು ಆಗದಿದ್ದರೆ 404 ಬರುತ್ತೆ, ಅಥವಾ ಯಾರದೋ ಸೈಟ್ ತೆರೆಯುತ್ತೆ. ಡಿಎನ್ಎಸ್‌ನಲ್ಲಿ ಎಷ್ಟು ಹುಡುಕಿದರೂ ಆ ತಪ್ಪು ಸಿಗಲ್ಲ.

ಆಮೇಲೆ ಸರ್ಟಿಫಿಕೇಟ್, ಅಂದರೆ ಬ್ರೌಸರ್‌ನಲ್ಲಿ ಎಚ್‌ಟಿಟಿಪಿಎಸ್ ಸೈಟ್ ತೆರೆಯೋದಕ್ಕೆ ಬೇಕಾದ ಗುರುತಿನ ಪತ್ರ. ನಮ್ಮಂಗಡಿ.ಇನ್‌ಗೆ ಇರುವ ಸರ್ಟಿಫಿಕೇಟ್ ಶಾಪ್‌ಗೆ ತಾನಾಗೇ ಅನ್ವಯ ಆಗಲ್ಲ, ಹೆಸರು ಹೆಸರಿಗೆ ಬೇಕು. ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಕಡೆ ಪುಕ್ಕಟೆ ಸಿಗುತ್ತೆ. ಆದರೆ ರೆಕಾರ್ಡ್ ಸರಿಯಾಗಿ ತೋರಿಸಿದ ಮೇಲೇ ಅವರು ಪರೀಕ್ಷೆ ಮಾಡಿ ಕೊಡೋದು. ಇನ್ನೊಂದು ಮಾತು: ಹೀಗೆ ಪಡೆದ ಸರ್ಟಿಫಿಕೇಟ್‌ನಲ್ಲಿ ಇರುವ ಹೆಸರು ಸಾರ್ವಜನಿಕ ದಾಖಲೆಗೆ ಹೋಗುತ್ತೆ. ಯಾರು ಬೇಕಾದರೂ ಹುಡುಕಬಹುದು. "ಟೆಸ್ಟ್2 ಅಂತ ಸಬ್‌ಡೊಮೈನ್ ಇದೆ, ಯಾರಿಗೂ ಗೊತ್ತಾಗಲ್ಲ" ಅಂತ ಪಾಸ್‌ವರ್ಡ್ ಇಲ್ಲದೆ ಬಿಟ್ಟವರು ಇದನ್ನ ತಿಳಿದಿರಲಿ.

ಏನೇ ಹೆಸರು ಹೊಡೆದರೂ ಒಂದೇ ಕಡೆ ಹೋಗಲಿ ಅಂದರೆ ನಕ್ಷತ್ರ ಚಿಹ್ನೆಯ ವೈಲ್ಡ್‌ಕಾರ್ಡ್ ರೆಕಾರ್ಡ್ ಇದೆ. ಶಾಪ್‌ಗೆ ಬೇರೆ ರೆಕಾರ್ಡ್ ಇದ್ದರೆ ಅಲ್ಲಿ ನಕ್ಷತ್ರಕ್ಕೆ ಕೆಲಸ ಇಲ್ಲ. ಒಂದೊಂದು ಗಿರಾಕಿಗೂ ಒಂದೊಂದು ಸಬ್‌ಡೊಮೈನ್ ಕೊಡುವ ಸಾಫ್ಟ್‌ವೇರ್ ಕಂಪನಿಗೆ ಇದು ಬೇಕು. ಉಪ್ಪಿನಕಾಯಿ ಅಂಗಡಿಗೆ ಬೇಡ. ತಪ್ಪಾಗಿ ಹೊಡೆದ ಹೆಸರೆಲ್ಲ ತೆರೆದುಕೊಂಡು, ಯಾವುದು ತಪ್ಪು ಅಂತಲೇ ಗೊತ್ತಾಗದೆ ಹೋಗುತ್ತೆ.

ಅಳಿಸೋದಕ್ಕೂ ಒಂದು ಕ್ರಮ

ಭಾವ ಮುಂದಿನ ವರ್ಷ ಆ ಅಂಗಡಿ ಕಂಪನಿ ಬಿಟ್ಟರು, ದುಬಾರಿ ಅಂತ. ಹೊಸ ಕಡೆಗೆ ಸ್ಟೋರ್ ಅನ್ನೋ ಹೆಸರು ಮಾಡಿಕೊಂಡರು. ಹಳೇ ಖಾತೆ ಮುಚ್ಚಿದರು. ಶಾಪ್‌ನ ಸಿನೇಮ್ ಹಾಗೇ ಉಳಿಯಿತು. ಏನಾಗುತ್ತೆ ಬಿಡು ಅನ್ನಿಸಬಹುದು. ಆದರೆ ಆ ಸಿನೇಮ್ ಆಗಲೂ "ನಾನು ಅಲ್ಲೇ ಇದ್ದೇನೆ" ಅಂತ ಖಾಲಿ ಮಳಿಗೆಯ ಕಡೆ ಕೈ ತೋರಿಸುತ್ತಿತ್ತು. ಕೆಲವು ಸೇವೆಗಳಲ್ಲಿ ಬೇರೆ ಯಾರೋ ಖಾತೆ ತೆರೆದು "ಶಾಪ್.ನಮ್ಮಂಗಡಿ.ಇನ್ ನನ್ನದು" ಅಂತ ಸೇರಿಸಿಕೊಂಡರೆ ಸಾಕು, ನಿಮ್ಮ ಹೆಸರಿನ ಬೋರ್ಡಿನ ಕೆಳಗೆ ಅವರ ಅಂಗಡಿ ಶುರು. ಬೀಗದ ಚಿತ್ರದ ಸರ್ಟಿಫಿಕೇಟ್ ಕೂಡ ಅವರಿಗೆ ಸಿಗುತ್ತೆ. ಜನ ನಿಮ್ಮದೇ ಅಂತ ನಂಬಿ ಕಾರ್ಡ್ ನಂಬರು ಕೊಡುತ್ತಾರೆ. ಸಬ್‌ಡೊಮೈನ್ ಟೇಕೋವರ್ ಅಂತಾರೆ ಇದಕ್ಕೆ. ದೊಡ್ಡ ದೊಡ್ಡ ಕಂಪನಿಗಳ ಸಬ್‌ಡೊಮೈನ್‌ಗಳೂ ಹೀಗೆ ಹೋಗಿವೆ. ಈಗ ಹಲವು ಸೇವೆಗಳು ಡೊಮೈನ್ ನಿಮ್ಮದೇ ಅಂತ ತೋರಿಸಲು ಒಂದು ಟಿಎಕ್ಸ್‌ಟಿ ರೆಕಾರ್ಡ್ ಹಾಕಿಸುತ್ತವೆ. ಎಲ್ಲವೂ ಅಲ್ಲ.

ಹಾಗಾಗಿ ಮುಚ್ಚೋವಾಗ ಮೊದಲು ರೆಕಾರ್ಡ್ ಅಳಿಸಿ. ಅದರ ಟಿಟಿಎಲ್ ಮುಗಿಯೋ ತನಕ ಕಾಯಿರಿ. ಸೇವೆಯ ಖಾತೆ ಆಮೇಲೆ ಮುಚ್ಚಿ.

ಶಾಪ್ ಅಳಿಸಿದ ದಿನ ಭಾವನ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ಎಲ್ಲಾ ರೆಕಾರ್ಡ್ ಬರೆದಿಟ್ಟೆವು. ಹೆಸರು, ಯಾವ ಕಡೆಗೆ, ಯಾಕೆ, ಯಾವ ತಾರೀಕು. ಒಟ್ಟು ಒಂಬತ್ತು ಸಾಲು ಬಂತು. ಅದರಲ್ಲಿ ಎರಡರ ಎದುರು "ಯಾಕೆ" ಅನ್ನೋ ಜಾಗ ಖಾಲಿ ಇದೆ. ಸೈಟ್ ಮಾಡಿಕೊಟ್ಟ ಹುಡುಗನಿಗೆ ಫೋನ್ ಮಾಡಿದರೆ ಅವನಿಗೂ ನೆನಪಿಲ್ಲವಂತೆ.